ಹೂ ಬಿದ್ದ ದ್ವೀಪ

'ಅದು ಆಗೋ ಮಾತಲ್ಲ' ಎಂದವರು ನಮ್ಮ ಅತ್ತೆ ಮುನಿಲಕ್ಷ್ಮಮ್ಮನವರು. ಹಾಗೆ ಅಂದುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದರು. ಆದರೆ ಮುಖಕ್ಕೆ ಹೊಡೆದ ಹಾಗೆ ಹೇಳುವ ಶಕ್ತಿ ದೇವರು ನಮ್ಮ ಮನೆಯಲ್ಲಿ ಅವರಿಗೊಬ್ಬರಿಗೇ ಕೊಟ್ಟಿರುವುದು. ನಾನು ಮುದ್ದೆ ಕಟ್ಟುತ್ತ, ಯಾವುದಾದರೂ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಬರಬೇಕೆಂದಿದ್ದೇನೆ ಎಂದೆ. ಅತ್ತೆ ಸಾರಿನ ಸೌಟನ್ನು ಅಲ್ಲೇ ಬಿಟ್ಟು ಮಗನ ಕಡೆ ತಿರುಗಿದರು.

"ಕೇಳ್ದೇನೋ ನಾಗರಾಜ? ಸಂಪ್ ಕ್ಲೀನ್ ಮಾಡಕ್ಕೆ ಒಂದ್ ಕಾಲು ಇಳ್ಸಮ್ಮ ಅಂದ್ರೆ ತಲೆ ಸುತ್ತುತ್ತೆ ಅಂತಾಳೆ. ಸಮುದ್ರಕ್ಕೆ ಇಳೀತಾಳಂತೆ!"

ನನ್ನ ಗಂಡ ನಾಗರಾಜರದು ಅಳೆದು ತೂಗುವ ಸ್ವಭಾವ. "ಇಳಿಯೋದು ಕಷ್ಟ ಇಲ್ಲಮ್ಮ, ಹತ್ತೋದೇ ಕಷ್ಟ" ಎಂದು ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದರು.

'ಆಗೋ ಮಾತಲ್ಲ' ಎನ್ನುವುದು ನನಗೆ ಹೊಸದಲ್ಲ. ನಮ್ಮಪ್ಪ ಶಿವಾಜಿನಗರದ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಹೊರುತ್ತಿದ್ದವರು. ಹಗಲು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕಿ, ಸಂಜೆ ಕಾಲೇಜಿಗೆ ಹೋಗಿ ನಾನು ಬಿ.ಕಾಂ. ಮುಗಿಸಿದೆ. ನಮ್ಮ ವಂಶದ ಮೊದಲ ಪದವೀಧರೆ ನಾನೇ. ಇದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಆದರೂ ನಮ್ಮ ಕಗ್ಗದಾಸಪುರದಲ್ಲಿ ನೀರಿನ ಟ್ಯಾಂಕರಿನವನಿಂದ ಹಿಡಿದು ಇಸ್ತ್ರಿಯವರವರೆಗೆ ಎಲ್ಲರಿಗೂ ಹೇಗೋ ಗೊತ್ತಾಗಿಬಿಟ್ಟಿದೆ. ಆ ಪದವಿಯಿಂದ ಕೆಲಸ ಸಿಕ್ಕಿತು, ಮದುವೆ ಆಯಿತು, ತಮ್ಮಂದಿರ ಓದು ಆಯಿತು. ಬದುಕಿನಲ್ಲಿ ನಾನು ಕಷ್ಟಪಟ್ಟು ಮಾಡಿದ್ದೆಲ್ಲ ಯಾರಿಗಾದರೂ ಉಪಯೋಗಕ್ಕೆ ಬಂದಿದೆ. ಒಂದೇ ಒಂದು ಸಲ, ಯಾರಿಗೂ ಯಾವ ಉಪಯೋಗವೂ ಇಲ್ಲದ ಒಂದು ಕೆಲಸ ಮಾಡಬೇಕು, ಸಮುದ್ರದೊಳಗೆ ಕಣ್ಣು ಬಿಟ್ಟು ನೋಡಬೇಕು ಎನ್ನುವುದು ನನ್ನ ಆಸೆ. ಇಂಥ ಆಸೆಯನ್ನು ಮನೆಯಲ್ಲಿ ವಿವರಿಸುವುದು ಜಿಎಸ್‌ಟಿ ವಿವರಿಸುವುದಕ್ಕಿಂತ ಕಷ್ಟ.

ಈಜು ಬರಬೇಕಲ್ಲ ಎಂದು ಹಲಸೂರಿನ ಈಜುಕೊಳದಲ್ಲಿ ಹೆಂಗಸರು ಮಕ್ಕಳ ತಂಡಕ್ಕೆ ಸೇರಿದೆ. ಇಡೀ ಬೇಸಿಗೆ ಕೊಳದ ಅಂಚಿನ ಕಂಬಿ ಹಿಡಿದು ಕಾಲು ಬಡಿದೆ. ನನ್ನ ಪಕ್ಕದಲ್ಲಿ ಕಾಲು ಬಡಿಯುತ್ತಿದ್ದ ಮಕ್ಕಳು ಕಂಬಿ ಬಿಟ್ಟು, ಕೊಳ ದಾಟಿ, ಮುಂದಿನ ತರಗತಿಗೆ ಬಡ್ತಿ ಪಡೆದು ಹೋದರು. ನಾನು ಕಂಬಿಯ ಜೊತೆಗೇ ಉಳಿದೆ. ಕೊನೆಗೊಂದು ದಿನ ಕೈ ಬಿಟ್ಟಾಗ ಮುಳುಗಲಿಲ್ಲ. ಅದನ್ನು ಈಜು ಎನ್ನಬಹುದೋ ಇಲ್ಲವೋ ತಿಳಿಯದು, ಆದರೆ ನಾನು ಮನೆಗೆ ಮೈಸೂರು ಪಾಕು ಕೊಂಡೊಯ್ದೆ.

ಇನ್ನು ಉಳಿದದ್ದು ದ್ವೀಪ. ನಾನು ಲೆಕ್ಕ ನೋಡಿಕೊಳ್ಳುವ ಇಂದಿರಾನಗರದ ಆಫೀಸಿನಲ್ಲಿ ದ್ವೀಪಗಳಿಗೆ ಬರವಿಲ್ಲ. ಊಟದ ಮೇಜಿನ ಮೇಲೆ ದಿನಕ್ಕೊಂದು ಏಳುತ್ತದೆ, ದಿನಕ್ಕೊಂದು ಮುಳುಗುತ್ತದೆ. ನಮ್ಮ ದೀಪಿಕಾ, ನನ್ನ ಮಗಳಾಗುವ ವಯಸ್ಸು, ಕಡಲು ಮತ್ತು ದ್ವೀಪಗಳ ವಿಷಯದಲ್ಲಿ ಆಫೀಸಿಗೆಲ್ಲ ಹಿರಿಯಳು. "ಮಾಲ್ಡೀವ್ಸ್ ಬೇಡ ಮೇಡಂ, ಎಲ್ಲಾರೂ ಹೋಗ್ತಾರೆ" ಎಂದಳು. ಅಂಡಮಾನ್ ಎಂದೆ. "ಅಲ್ಲಿ ನೆಟ್‌ವರ್ಕ್ ಸಿಗಲ್ಲ." ಮೀನುಗಳಿಗೆ ನಾನು ಫೋನ್ ಮಾಡಬೇಕಾಗಿಲ್ಲವಲ್ಲ ಎಂದೆ. "ಅಯ್ಯೋ ಮೇಡಂ, ಫೋಟೋ ಹಾಕೋಕೆ?" ಎಂದು ಮರುಕದಿಂದ ನೋಡಿದಳು. ಬಾಲಿ ಹಳತಾಯಿತಂತೆ, ಥಾಯ್ಲೆಂಡಿಗೆ ಈಗ ಅಪಾರ್ಟ್‌ಮೆಂಟಿನ ಸೆಕ್ರೆಟರಿಗಳು ಹೋಗುತ್ತಾರಂತೆ. ಕೊನೆಗೆ ಅವಳು ಫೋನಿನಲ್ಲಿ ಒಂದು ದ್ವೀಪ ತೋರಿಸಿ, "ಇದಕ್ಕೆ ನಾಲ್ಕೂಮುಕ್ಕಾಲು ಸ್ಟಾರ್ ಇದೆ, ಕಣ್ಮುಚ್ಕೊಂಡು ಹೋಗಿ" ಎಂದಳು. ಕಣ್ಣು ಮುಚ್ಚಿಕೊಂಡು ಹೋಗುವುದಾದರೆ ಸಮುದ್ರವೇ ಏಕೆ, ಕೆ.ಆರ್. ಪುರದ ಸಿಗ್ನಲ್ಲೇ ಸಾಕು.

ಮನೆಯಲ್ಲಿ ಬೇರೆಯದೇ ಪದ್ಧತಿ. ನನ್ನ ಗಂಡನ ಮನೆಯವರು ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲಿ ರಾಗಿ ಬೆಳೆದವರು. ಈಗ ಅದೇ ನೆಲದಲ್ಲಿ ಬಾಡಿಗೆ ಮನೆಗಳು ಎದ್ದಿವೆ. ಆದರೂ ಕೊಳವೆ ಬಾವಿ ಕೊರೆಸುವುದಿರಲಿ, ಕಾರು ಕೊಳ್ಳುವುದಿರಲಿ, ಗ್ರಾಮದೇವತೆಯ ಹತ್ತಿರ ಹೂ ಕೇಳದೆ ಒಂದು ಹೆಜ್ಜೆ ಇಡುವುದಿಲ್ಲ. ಅಮ್ಮನವರ ವಿಗ್ರಹದ ಎರಡೂ ಕಡೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳುತ್ತಾರೆ. ಬಲಗಡೆ ಹೂ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಅಲ್ಲಿಗೆ ಮುಗಿಯಿತು.

"ತಾಯಿ ಬಲಗಡೆ ಕೊಟ್ರೆ ನಾನ್ಯಾಕೆ ಬೇಡ ಅನ್ಲಿ? ಎಡಗಡೆ ಕೊಟ್ರೆ ಆಮೇಲೆ ಈ ಮಾತು ಎತ್ತಬಾರ್ದು" ಎಂದರು ಅತ್ತೆ.

ಒಪ್ಪಿಕೊಂಡೆ. ಬಿ.ಕಾಂ. ಓದಿದವಳು ಹೂವಿನ ಮುಂದೆ ನಿಲ್ಲುವುದೇ ಎಂದು ನೀವು ಕೇಳಬಹುದು. ಮುಖ ಕಾಣದ ಯಾರೋ ಕೊಟ್ಟ ನಕ್ಷತ್ರ ನಂಬುವುದಾದರೆ, ದಿನಾ ಮುಖ ನೋಡುವ ಅಮ್ಮನವರ ಹೂ ನಂಬುವುದರಲ್ಲಿ ತಪ್ಪೇನು ಎಂದು ನನಗೆ ನಾನೇ ವಾದಿಸಿದೆ. ನಿಜ ಹೇಳಬೇಕೆಂದರೆ, ಬೇರೆ ದಾರಿ ಇರಲಿಲ್ಲ. ಅತ್ತೆಯ ಅಪ್ಪಣೆ ಇಲ್ಲದೆ ನಮ್ಮ ಮನೆಯ ಯಾವ ಸೂಟ್‌ಕೇಸೂ ಅಟ್ಟದಿಂದ ಕೆಳಗಿಳಿದ ಚರಿತ್ರೆ ಇಲ್ಲ.

ಶುಕ್ರವಾರ ಬೆಳಗ್ಗೆ ಗುಡಿಗೆ ಹೋದೆವು. ಪೂಜಾರಪ್ಪ ಹೂ ಅಂಟಿಸಿ, "ಏನಮ್ಮ ಕೇಳ್ಬೇಕು?" ಎಂದರು.

"ಮಾಲ್ಡೀವ್ಸ್" ಎಂದೆ.

"ಯಾವ ತಾಲ್ಲೂಕಮ್ಮ?"

"ತಾಲ್ಲೂಕು ಇಲ್ಲ ಪೂಜಾರಪ್ಪ, ಬೇರೆ ದೇಶ."

"ವಿಳಾಸ ಸರಿಯಾಗಿ ಹೇಳ್ಬೇಕಮ್ಮ. ತಾಯಿ ನಿನ್ನ ಹಿಂದೆ ಕಾಯೋಕೆ ಬರ್ಬೇಕಲ್ಲ" ಎಂದು ಗಂಟೆ ಬಾರಿಸಿದರು. ಮಾತು ಮುಗಿಯುವಷ್ಟರಲ್ಲಿ ಎಡಗಡೆ ಹೂ ಟಪ್ಪೆಂದು ಬಿತ್ತು. ಅತ್ತೆ ನನ್ನ ಕಡೆ ನೋಡಿದರು. ನಾನು ಅಮ್ಮನವರ ಕಡೆ ನೋಡಿದೆ. "ಅದು ಮಾಲ್ಡೀವ್ಸಿಗೆ ಮಾತ್ರ" ಎಂದು ಅಪೀಲು ಹಾಕಿದೆ. ಪೂಜಾರಪ್ಪ ಮತ್ತೆ ಹೂ ಅಂಟಿಸಿದರು. ಅಂಡಮಾನಿಗೆ ಎರಡೂ ಕಡೆ ಏನೂ ಅಲ್ಲಾಡಲಿಲ್ಲ. ನಾವೆಲ್ಲ ಫಲಿತಾಂಶ ಕಾಯುವವರಂತೆ ಕೈಕಟ್ಟಿ ನಿಂತೆವು. ಡಿಗ್ರಿ ರಿಸಲ್ಟಿನ ದಿನವೂ ನಾನು ಅಷ್ಟು ಹೆದರಿರಲಿಲ್ಲ.

"ಯೋಚ್ನೆ ಮಾಡ್ತಾವ್ಳೆ" ಎಂದರು ಅತ್ತೆ.

"ಯೋಚ್ನೆ ಮಾಡ್ತಿಲ್ಲಮ್ಮ, ಬೇಡ ಅಂತ ಸುಮ್ನೌಳೆ" ಎಂದರು ಪೂಜಾರಪ್ಪ.

ಆಗ ನನಗೆ ಎಲ್ಲೋ ಓದಿದ್ದ ಇನ್ನೊಂದು ಹೆಸರು ನೆನಪಾಯಿತು. ದೀಪಿಕಾಳ ಮೇಜಿನ ಮೇಲೆ ಒಂದು ದಿನವೂ ಏಳದ ದ್ವೀಪ. "ನೇತ್ರಾಣಿ ಕೇಳಿ. ನಮ್ಮ ರಾಜ್ಯದ್ದೇ. ಭಟ್ಕಳ ತಾಲ್ಲೂಕು, ಮುರುಡೇಶ್ವರದಿಂದ ದೋಣೀಲಿ ಹೋಗೋದು" ಎಂದೆ.

"ಮುರುಡೇಶ್ವರಾನಾ?" ಅತ್ತೆಯ ಮುಖ ಅರಳಿತು. "ಈಶ್ವರನ ಸನ್ನಿಧಿ! ಮೊದ್ಲೇ ಬಾಯಿ ಬಿಡ್ಬಾರ್ದಾ? ನಾನೂ ಬತ್ತೀನಿ!"

ಬಲಗಡೆ ಹೂ ಬಿತ್ತು. ಅಷ್ಟರಲ್ಲಿ ಪೂಜಾರಪ್ಪ ಸೆಖೆಯೆಂದು ಫ್ಯಾನ್ ಹಾಕಿದ್ದರು. ಅದು ಬಲಗಡೆಯ ಗೋಡೆಯಲ್ಲೇ ಇತ್ತು. ಇದೆಲ್ಲ ನನಗೂ ಕಂಡಿತು. ಆದರೂ ಅತ್ತೆಗಿಂತ ಮೊದಲು ಅಡ್ಡಬಿದ್ದವಳು ನಾನೇ.

ಗಂಡ ಹೆಂಡತಿ ನಾವಿಬ್ಬರೇ ಹೋಗುವ ರಜೆ ಎಂದು ನಾನು ಅಂದುಕೊಂಡಿದ್ದೆ. ಅಮ್ಮನವರ ಅಪ್ಪಣೆಯಾದ ಪ್ರಯಾಣವನ್ನು ಹಾಗೆ ಕದ್ದು ಮಾಡುವಂತಿಲ್ಲ. ಟೆಂಪೋ ಟ್ರಾವೆಲರ್ ತುಂಬ ನೆಂಟರು, ಒಂದು ಮೂಟೆ ಪುಳಿಯೋಗರೆ, ಮಗ್ಗುಲಿಗೆ ಗ್ಯಾಸ್ ಒಲೆ. ದೀಪಿಕಾಗೆ ಹೇಳಿದಾಗ, "ಓ, ಸ್ಪಿರಿಚುಯಲ್ ಡೈವಿಂಗಾ ಮೇಡಂ? ಈಗ ಅದೇ ಟ್ರೆಂಡು" ಎಂದಳು.

ನಮ್ಮ ಕಡೆಯಿಂದ ದೋಣಿ ಹತ್ತಿದವರು ನಾನೂ ನನ್ನ ಗಂಡನೂ ಮಾತ್ರ. ಉಳಿದವರು ದಡದಲ್ಲಿ ಶಿವನ ದೊಡ್ಡ ವಿಗ್ರಹದ ಕೆಳಗೆ ನಿಂತು ಕೈ ಬೀಸಿದರು, ಕೆಲವರು ಕಣ್ಣೂ ಒರೆಸಿಕೊಂಡರು. ಅರ್ಧ ದಾರಿಯಲ್ಲಿ ನಾಗರಾಜರು ಪುಳಿಯೋಗರೆಯನ್ನು ಸಮುದ್ರಕ್ಕೆ ಒಪ್ಪಿಸಿ ಮಲಗಿಬಿಟ್ಟರು. ನನ್ನನ್ನು ನೀರಿಗಿಳಿಸಲು ದೋಣಿಯಲ್ಲಿ ಬಂದಿದ್ದ ತರಬೇತುದಾರರಿಗೆ ನಾನು ಮೊದಲೇ ಹೇಳಿದೆ, "ಈಜು ಕಲಿತು ಬಂದಿದ್ದೇನೆ."

"ಈಜು ಬರ್ಬೇಕು ಅಂತೇನೂ ಇರ್ಲಿಲ್ಲ ಮೇಡಂ" ಎಂದರು ಅವರು. "ಮೊದಲ ಸಲ ಇಳಿಯೋರನ್ನ ನಾವೇ ಹಿಡ್ಕೊಂಡು ಕರ್ಕೊಂಡು ಹೋಗ್ತೀವಿ."

ಇಡೀ ಬೇಸಿಗೆ! ಸಿಲಬಸ್ಸಿನಲ್ಲಿ ಇಲ್ಲದ್ದನ್ನೆಲ್ಲ ಓದಿಕೊಂಡು ಪರೀಕ್ಷೆಗೆ ಹೋಗುವ ರೋಗ ನನ್ನನ್ನು ಬಿಟ್ಟಿಲ್ಲ.

ಇಳಿದೆ. ಮೊದಲು ಭಯವಾಯಿತು, ಮೇಲೆ ಹೋಗೋಣ ಎಂದು ಕೈಸನ್ನೆಯನ್ನೂ ಮಾಡಿದೆ. ಅವರು ನನ್ನ ಕೈ ಬಿಡದೆ ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದರು. ಉಸಿರು ಒಂದು ಲಯಕ್ಕೆ ಬಂತು. ಆಮೇಲೆ ಹಳದಿ ಪಟ್ಟೆಯ ಮೀನುಗಳ ಒಂದು ಹಿಂಡು ನನ್ನ ಮುಖಕ್ಕೆ ಬಿಗಿದಿದ್ದ ಡೈವಿಂಗ್ ಕನ್ನಡಕದ ಮುಂದೆ ಬಂದು, ನೋಡಿ, ಇವಳಿಂದ ನಮಗೇನೂ ಉಪಯೋಗವಿಲ್ಲ ಎಂದು ನಿರ್ಧರಿಸಿ ಹೊರಟುಹೋಯಿತು. ನನ್ನನ್ನು ಯಾರೂ ಏನೂ ಕೇಳದ ಜಾಗ ಅದು. ನೀರೊಳಗೆ ಅಳಬಾರದೆಂದು ಅವರು ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಸ್ವಲ್ಪ ಅತ್ತುಬಿಟ್ಟೆ.

ದಡಕ್ಕೆ ಬಂದಾಗ ಮೂಗಿನಿಂದ ಉಪ್ಪುನೀರು, ಮುಖದ ಮೇಲೆ ಕನ್ನಡಕದ ಅಚ್ಚು, ತಲೆಯೆಲ್ಲ ಜಡೆಗಟ್ಟಿತ್ತು. ತರಬೇತುದಾರರು ನನ್ನ ಹೆಸರು ಬರೆದ ಸರ್ಟಿಫಿಕೇಟನ್ನು ಎಲ್ಲರೆದುರಿಗೆ ಕೊಟ್ಟು ಕೈಕುಲುಕಿದರು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಹೆಮ್ಮೆ ಕೇಳಬೇಕೆ? ಹೆಸರಿನ ಮುಂದೆ ಬಿ.ಕಾಂ. ಎಂದು ಸೇರಿಸುವುದಕ್ಕಾಗುತ್ತದೆಯೇ ಎಂದು ವಿಚಾರಿಸಿದ್ದೂ ನಿಜ. ಆಮೇಲೆ ಅದನ್ನು ನೇರವಾಗಿ ಅತ್ತೆಯ ಕೈಗಿಟ್ಟೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮುಳುಗ್ದೋರ್ಗೆ ಸರ್ಟಿಫಿಕೇಟು ಕೊಡೋದು ನಂಗೂ ಗೊತ್ತು ಕಣಮ್ಮ" ಎಂದರು. "ಆದ್ರೆ ಅದುನ್ನ ಮನೆಯೋರ ಕೈಗೆ ಕೊಡ್ತಾರೆ. ಮುಳುಗ್ದೋಳೇ ಬಂದು ಇಸ್ಕೊಂಡಿದ್ದು ಇವತ್ತೇ ನೋಡಿದ್ದು!"