ಕಾಲಿಟ್ಟಿದ್ದು, ಒತ್ತದೇ ಇದ್ದದ್ದು

ಕಳೆದ ಭಾನುವಾರ ಬೆಳಿಗ್ಗೆ, ವಡೋದರದ ಮಂಜಲ್‌ಪುರದಲ್ಲಿರುವ ನಮ್ಮ ಮನೆಯ ಮುಂದೆ, ಹದಿಮೂರು ವರ್ಷದ ಕಾರೊಂದರ ಮೂರು ಸಿಲಿಂಡರುಗಳ ಒತ್ತಡವನ್ನು ಪರೀಕ್ಷಿಸಲಾಯಿತು. ಪರೀಕ್ಷಿಸಿದವನು ನಾನು. ಚಾಲಕರ ಸೀಟಿನಲ್ಲಿ ಕುಳಿತು ಸಹಕರಿಸಿದವಳು ನನ್ನ ಹೆಂಡತಿ ವನಜಾ.

ಹಿನ್ನೆಲೆ ಇಷ್ಟೇ. ಅಹಮದಾಬಾದಿನ ನರೋಡಾದಲ್ಲಿರುವ ತನ್ನ ತಂಗಿಯ ಮನೆಗೆ ತಾನೊಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆ ಎಂದು ವನಜಾ ಹೇಳಿದ್ದಳು. ಎಂಜಿನ್ ಸೋತಿದೆ, ಹೆದ್ದಾರಿಯ ನಡುವೆ ಕೈಕೊಡುತ್ತದೆ ಎಂದು ನಾನು ಹೇಳಿದ್ದೆ. ಸುದ್ದಿಮನೆಯಲ್ಲಿ ಆಯುಷ್ಯ ಕಳೆದವನಿಗೆ ಒಂದೇ ಮೂಲದ ಮಾತು ಸಾಲದು, ಆ ಮೂಲ ತಾನೇ ಆಗಿದ್ದರೂ. ಸೂರತ್‌ನ ಉಧ್ನಾದಲ್ಲಿ ಹೋಟೆಲ್ ನಡೆಸುವ ಅವಳ ತಮ್ಮ ರಾಘು, ತನ್ನ ವ್ಯಾನಿಗೆಂದು ಕೊಂಡಿದ್ದ, ಸಿಲಿಂಡರಿನ ಒತ್ತಡ ಅಳೆಯುವ ಗೇಜನ್ನು ಕಳಿಸಿಕೊಟ್ಟ. ಅದು ಹೇಳಿದಂತೆ ಇಬ್ಬರೂ ಕೇಳುವುದೆಂದು ಒಪ್ಪಂದವಾಯಿತು.

ವಿಷಯ ಸರಳ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಗಾಳಿ ಬೆರಳನ್ನು ತಳ್ಳುತ್ತದಲ್ಲ, ಎಂಜಿನ್ನಿನ ಪ್ರತಿ ಸಿಲಿಂಡರೂ ಹಾಗೇ ತಳ್ಳಬೇಕು. ಎಷ್ಟು ತಳ್ಳುತ್ತದೆಂದು ಗೇಜಿನ ಮುಳ್ಳು ತೋರಿಸುತ್ತದೆ. ಎಂಜಿನ್ ಬಿಸಿ ಮಾಡಿ, ಪೆಟ್ರೋಲ್ ಬರದಂತೆ ಪಂಪಿನ ಫ್ಯೂಸ್ ಕಿತ್ತು, ಕಿಡಿಯ ವೈರುಗಳನ್ನೂ ಕಳಚಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದೆ. ಮೊದಲ ತೂತಿಗೆ ಗೇಜನ್ನು ತಿರುಗಿಸಿ ಕೂರಿಸಿದೆ.

"ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಸೆಲ್ಫ್ ಹೊಡಿ."

ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ. ಮೂರು ಸಿಲಿಂಡರುಗಳು ಮಾತಾಡಿಕೊಂಡವರಂತೆ ಒಂದೇ ಮಟ್ಟದಲ್ಲಿ ಸೋತದ್ದು ಅನುಮಾನ ಹುಟ್ಟಿಸಬೇಕಿತ್ತು. ಆದರೆ ಬೇಕಾದ ಸುದ್ದಿ ಸಿಕ್ಕಾಗ ಅದನ್ನು ಮರುಪರಿಶೀಲಿಸುವವರನ್ನು ನಾನು ಸುದ್ದಿಮನೆಯಲ್ಲೂ ಹೆಚ್ಚು ಕಂಡಿಲ್ಲ.

"ನೋಡು, ಹೇಳಿರಲಿಲ್ವಾ?" ಎಂದೆ. ವನಜಾ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಭಾವ, ಅಕ್ಕ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾಳಾ?" ರಾಘು ಕೇಳಿದ.

"ಕಾಲಿಟ್ಟಿದ್ದಾಳೆ."

"ಇಟ್ರೆ ಎಂತ ಆಗ್ತದೆ ಮಾರಾಯ್ರೆ? ಪೂರ್ತಿ ಒತ್ತಿದ್ರೆ ಅಲ್ವಾ ಗಾಳಿ ಒಳಗೆ ಹೋಗುವುದು? ಮೂಗು ಮುಚ್ಚಿ ಉಸಿರು ಎಳೆ ಅಂದ ಹಾಗಾಯ್ತು!"

ನಾನು ಹೆಂಡತಿಯ ಕಡೆ ನೋಡಿದೆ.

"ನಾನು ಒತ್ತಲಿಲ್ಲ," ಎಂದಳು. "ಕಾರು ಕಲಿಸಿದವರು ನೀವೇ ಅಲ್ವಾ? 'ಒತ್ಬೇಡ, ಪೆಟ್ರೋಲ್ ಕುಡೀತದೆ, ಸುಮ್ನೆ ಕಾಲಿಡು' ಅಂತ ದಿನಾ ಬೊಬ್ಬೆ ಹಾಕ್ತೀರಿ. ನನಗೆ ಅದೊಂದೇ ಬರುವುದು."

"ಈಗ ಪೆಟ್ರೋಲೇ ಬರುವುದಿಲ್ಲ. ಫ್ಯೂಸ್ ತೆಗೆದಿದ್ದೇನೆ."

"ನನ್ನ ಕಾಲಿಗೆ ಅದೆಲ್ಲ ಗೊತ್ತಾಗ್ತದಾ?"

ಸ್ಪೀಕರಿನಲ್ಲಿ ಉಧ್ನಾ ನಕ್ಕಿತು. ರಾಘುವಿನ ಹೋಟೆಲಿನ ಅಡುಗೆಮನೆಯೂ ಜೊತೆಗೆ ನಕ್ಕಂತೆ ಕೇಳಿಸಿತು.

"ಒತ್ತು," ಎಂದೆ. ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಪೆಡಲನ್ನು ನೆಲಕ್ಕೆ ಮುಟ್ಟುವಂತೆ ಒತ್ತಿ ಸೆಲ್ಫ್ ಹೊಡೆದಳು. ಮುಳ್ಳು ನಾಲ್ಕೇ ನೆಗೆತಕ್ಕೆ ಕಾರಿನ ಕೈಪಿಡಿ ಹೇಳಿದ ಜಾಗಕ್ಕೆ ಹೋಗಿ ನಿಂತಿತು. ಮೂರೂ ಸಿಲಿಂಡರಿನಲ್ಲೂ ಅದೇ ಲೆಕ್ಕ.

ಬುಧವಾರ ಬೆಳಿಗ್ಗೆ ವನಜಾ ಒಬ್ಬಳೇ ಹೊರಟಳು. ಊಟದ ಹೊತ್ತಿಗೆ ನರೋಡಾದಿಂದ ಫೋನ್ ಬಂತು: "ಮುಟ್ಟಿದೆ. ಎಂಜಿನ್ ಗಟ್ಟಿ ಉಂಟು. ಕಾಲು ತೆಗೀಲೇ ಇಲ್ಲ."

ಇಂದು ಶನಿವಾರ. ಕಾರು ಅಲ್ಲೇ ಇದೆ. ನಾನು ತರಕಾರಿಗೆ ರಿಕ್ಷಾದಲ್ಲಿ ಹೋಗಿಬಂದೆ.