ಗೆದ್ದಲು ತಿಂದ ಕಪಾಟು

ಕಪಾಟಿಗೆ ಗೆದ್ದಲು ಹಿಡಿದಿದೆ, ಇವತ್ತೇ ಅದನ್ನು ಆಚೆ ಹಾಕದಿದ್ದರೆ ನಾನೇ ಆಚೆ ಹೋಗುತ್ತೇನೆ ಎಂದು ಹೆಂಡತಿ ಹೇಳಿದ್ದೇ ಎಲ್ಲಕ್ಕೂ ಮೂಲ. ಅಡುಗೆಮನೆಯ ಕಪಾಟಿನೊಳಗೆ ಇಣುಕುವ ಅಭ್ಯಾಸ ಹೊಟ್ಟು ಸಾಹೇಬನಿಗೆ ಇರಲಿಲ್ಲ. ಮರದ ಹೊಟ್ಟಿನಿಂದ ಎಥನಾಲ್ ಇಂಧನ ತೆಗೆಯುವ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಬೀದಿಯವರು ಆ ಹೆಸರಿಟ್ಟದ್ದೂ ಅದಕ್ಕೇ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದುಕೊಂಡು ಕಪಾಟನ್ನು ಅಲ್ಲಿಗೇ ಸಾಗಿಸಿ, ಪುಡಿ ಮಾಡಿಸಿ, ಯೀಸ್ಟ್ ಬೆರೆಸಿ ತೊಟ್ಟಿಗೆ ಸುರಿದ.

ವಾರ ಕಳೆದು ಅಳೆಯುವ ದಿನ ಬಂತು. ಈ ಸಲವೂ ಇಳುವರಿ ಏರದಿದ್ದರೆ ಮನೆಗೆ ಹೋಗಿ ಎಂದು ಡೈರೆಕ್ಟರು ಮೊದಲೇ ಹೇಳಿಬಿಟ್ಟಿದ್ದರು. ನೋಡಿದರೆ ಎಥನಾಲ್ ದುಪ್ಪಟ್ಟಾಗಿತ್ತು. ನಿನ್ನೆಯವರೆಗೆ ಮುಖ ತಿರುಗಿಸುತ್ತಿದ್ದ ಸಹೋದ್ಯೋಗಿಗಳೆಲ್ಲ ಗೆದ್ದೆತ್ತಿನ ಬಾಲ ಹಿಡಿಯಲು ಓಡಿಬಂದರು. ಯೀಸ್ಟ್ ಸಾಕಿದವನು ಇದು ಯೀಸ್ಟಿನ ಮಹಿಮೆ ಎಂದ, ತೊಟ್ಟಿ ಕಾಯಿಸಿದವನು ಶಾಖದ ಮಹಿಮೆ ಎಂದ.

“ಯಾವ ಮರ ಹಾಕಿದ್ರಿ?” ಡೈರೆಕ್ಟರು ಕೇಳಿದರು.

“ಗೆದ್ದಲು ತಿಂದಿದ್ದು, ಸಾರ್.”

ಮರ ಸಡಿಲಿಸುವ ಅರ್ಧ ಕೆಲಸವನ್ನು ಗೆದ್ದಲೇ ಮಾಡಿಕೊಟ್ಟಿದೆ ಎಂದು ಡೈರೆಕ್ಟರಿಗೆ ಅಲ್ಲೇ ಜ್ಞಾನೋದಯವಾಯಿತು. ಜೀವಂತ ಗೆದ್ದಲಿರುವ ಮರವನ್ನು ಸಂಜೆಯೊಳಗೆ ತಂದರೆ ಕೆಲಸ ಕಾಯಂ ಎಂದರು.

ಅವನು ಬಾಲ ಸುಟ್ಟ ಬೆಕ್ಕಿನಂತೆ ಮನೆಗೆ ಓಡಿದ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಮಂಚ ಮಗುಚಿದರೂ, ಕಿಟಕಿ ತಟ್ಟಿದರೂ, ಔಷಧಕ್ಕೆ ಬೇಕೆಂದರೂ ಒಂದು ಗೆದ್ದಲು ಸಿಗಲಿಲ್ಲ. ಸದ್ದು ಕೇಳಿ ಬಂದ ಪಕ್ಕದ ಮನೆಯಾಕೆ, ತನ್ನ ಬಾಗಿಲಿನ ತುಂಬ ಅದೇ ಇದೆ, ಹೊಸ ಬಾಗಿಲು ಮಾಡಿಸಿಕೊಡುವುದಾದರೆ ಕಿತ್ತುಕೊಂಡು ಹೋಗು ಎಂದಳು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಎದುರುಮನೆಯವರು ಮುರುಕಲು ಮಂಚ ಹೊತ್ತು ತಂದರು, ಮೂಲೆಮನೆಯವರು ಕುರ್ಚಿ ತಂದರು, ಎಲ್ಲರದೂ ಅದೇ ಷರತ್ತು. ಅವನು ಎಲ್ಲದಕ್ಕೂ ಹೂಂಗುಟ್ಟಿ, ಕಿತ್ತ ಬಾಗಿಲಿನ ಸಮೇತ ಎಲ್ಲವನ್ನೂ ಪ್ರಯೋಗಾಲಯಕ್ಕೆ ಸಾಗಿಸಿದ.

ಡೈರೆಕ್ಟರು ಕೈ ಕುಲುಕಿ ಕಾಯಂ ಆದೇಶ ಕೊಟ್ಟರು. ಮುಂದಿನ ವಾರ ದೊಡ್ಡವರು ನೋಡಲು ಬರುತ್ತಾರೆ, ಇದೇ ಇಳುವರಿ ತೋರಿಸಬೇಕು, ತಪ್ಪಿದರೆ ಆದೇಶ ರದ್ದು ಎಂದೂ ಸೇರಿಸಿದರು.

ಸಂಜೆ ಅವನು ಹಿಗ್ಗಿನಿಂದ ಎಲ್ಲವನ್ನೂ ಹೇಳಿದಾಗ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು.

“ಗೆದ್ದಲು ಎಲ್ಲಿತ್ತು ರೀ ಅದ್ರಲ್ಲಿ? ಸಕ್ಕರೆ ಡಬ್ಬದ ಮೇಲೆ ನೀರಿನ ಕೊಡ ಮಗುಚ್ಕೊಂಡಿತ್ತು. ಇಡೀ ಕಪಾಟು ಪಾಕ ಕುಡಿದು ಕೂತಿತ್ತು. ನಿಜ ಹೇಳಿದ್ರೆ ಒರೆಸ್ಕೋ ಅಂತಿದ್ರಿ, ಹೊಸದು ತರ್ತಿದ್ರಾ?”

ಯೀಸ್ಟು ತಿಂದು ಕೊಬ್ಬಿದ್ದು ಮರವನ್ನಲ್ಲ, ಮನೆಯ ಸಕ್ಕರೆಯನ್ನು. ಕಾಯಂ ಆದೇಶ ಜೇಬಿನಲ್ಲಿ ಚುಚ್ಚುತ್ತಿತ್ತು. ಅವನು ಮೆಲ್ಲಗೆ ಕೇಳಿದ.

“ಈಗ ಮನೇಲಿ ಸಕ್ಕರೆ ಎಷ್ಟಿದೆ?”

“ಒಂದು ಚಮಚವೂ ಇಲ್ಲ. ಪಕ್ಕದ ಮನೇಲಿ ಕೇಳೋಣ ಅಂದ್ರೆ, ತಟ್ಟೋದಕ್ಕೆ ಬಾಗಿಲೇ ಇಲ್ವಲ್ಲ.”