ಓದಲು ಮಾತ್ರ

ಗಂಡ ಹೆಂಡತಿ ಒಂದೇ ಕಡೆ ಕೆಲಸ ಮಾಡಬಾರದು. ಮಾಡಿದರೂ ಒಂದೇ ಜಾತಿಯ ಕಂಪ್ಯೂಟರ್ ಇಟ್ಟುಕೊಳ್ಳಬೇಕು. ಈ ಜ್ಞಾನೋದಯ ಜೋಡಣೆ ರಾಯರಿಗೆ ಬಹಳ ತಡವಾಗಿ ಆಯಿತು. ಮುದ್ರಣಾಲಯದಲ್ಲಿ ಪುಟ ಜೋಡಿಸಿ ಯಂತ್ರಕ್ಕೆ ಕಳಿಸುವವರಾದ್ದರಿಂದ ಅವರಿಗೆ ಆ ಬಿರುದು. ಅವರದು ವಿಂಡೋಸ್. ಹಲಗೆಯ ಗೋಡೆಯಾಚೆ ಕೂತು ಚಿತ್ರ ಬರೆಯುವ ಅವರ ಧರ್ಮಪತ್ನಿ ಚಿತ್ರದಮ್ಮನವರದು ಮ್ಯಾಕ್.

ಹೋದ ವಾರ ಚಿತ್ರದಮ್ಮ ಕ್ಯಾಲೆಂಡರಿನ ಚಿತ್ರಗಳನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟಿದ್ದರು. ರಾಯರ ಕಂಪ್ಯೂಟರಿಗೆ ಅದರ ತಲೆಬುಡ ತಿಳಿಯಲಿಲ್ಲ. 'ಫಾರ್ಮ್ಯಾಟ್ ಮಾಡಲೇ?' ಎಂದಿತು. ಊಟದ ಮಂಪರಿನಲ್ಲಿದ್ದ ರಾಯರು (ಕೇಳಿ ಮಾಡುವಷ್ಟು ಮರ್ಯಾದೆಯಾದರೂ ಇದೆಯಲ್ಲ ಎಂದುಕೊಂಡು) ಹೂಂ ಎಂದು ಒತ್ತಿಬಿಟ್ಟರು. ಚಿತ್ರಗಳೆಲ್ಲ ಗೋವಿಂದ! ಮ್ಯಾಕ್‌ನಲ್ಲಿ ಜಾಗ ಸಾಲದೆ ತೆಗೆದಿದ್ದರಿಂದ ಬೇರೆ ಪ್ರತಿಯೂ ಇರಲಿಲ್ಲ.

"ಅದು ಕೇಳ್ತು, ನಾನು ಹೂಂ ಅಂದೆ. ಇದ್ರಲ್ಲಿ ನಂದೇನು ತಪ್ಪು?" ಎಂದರು ರಾಯರು.

ಅಲ್ಲಿಗೆ ಮಾತು ಬಂದ್. "ಊಟಕ್ಕೆ ಬಡಿಸಿದೀನಿ ಅಂತ ನಿಮ್ಮಪ್ಪಂಗೆ ಹೇಳು" ಎಂದು ಮಗಳ ಮೂಲಕ ಸಂದೇಶ ಬರತೊಡಗಿತು. ಬೈಗುಳವಿಲ್ಲದ ಮನೆ ಇಷ್ಟು ಭಣಭಣ ಎನ್ನುತ್ತದೆಂದು ರಾಯರಿಗೆ ಗೊತ್ತೇ ಇರಲಿಲ್ಲ. ಹಾಗಂತ ತಾವೇ ಮೊದಲು ಮಾತಾಡುವುದೇ? ಪ್ರತಿಷ್ಠೆ ಏನಾಗಬೇಕು?

ಇವತ್ತು ಚಿತ್ರದಮ್ಮ ಎಲ್ಲವನ್ನೂ ಮತ್ತೆ ಬರೆದು ಮುಗಿಸಿದ್ದರು. "ಸಂಜೆಯೊಳಗೆ ಅಚ್ಚಾಗದಿದ್ರೆ ಗಿರಾಕಿ ಎದುರು ಪ್ರೆಸ್ಸಿಗೆ ಹೋಗ್ತಾನೆ" ಎಂದು ಪ್ರೆಸ್ಸಿನ ಯಜಮಾನರು ಚಡಪಡಿಸುತ್ತಿದ್ದರು.

"ಪೆನ್ ಡ್ರೈವ್ ಕೊಡಲ್ಲ ಅಂತ ಅವರಿಗೆ ಹೇಳಿ ಯಜಮಾನ್ರೇ. ನನ್ನ ಕಂಪ್ಯೂಟರಲ್ಲೇ ಫೋಲ್ಡರ್ ಶೇರ್ ಮಾಡಿಟ್ಟಿದೀನಿ, ಅಲ್ಲಿಂದ ತಗೊಳ್ಳಲಿ" ಎಂದರು ಹಲಗೆಯಾಚೆಯಿಂದ ಚಿತ್ರದಮ್ಮ.

ರಾಯರು ಹುಡುಕಿದರು. ಹೆಂಡತಿಯ ಕಂಪ್ಯೂಟರ್ ಪಟ್ಟಿಯಲ್ಲೇ ಇಲ್ಲ. ಆರಿಸಿ ಹಚ್ಚಿದರು, ಕರೆಂಟಿನ ವೈರ್ ಕಿತ್ತು ಊದಿ ಮತ್ತೆ ಚುಚ್ಚಿದರು. ಬೆವರೊರೆಸಿಕೊಳ್ಳುವಾಗ ಹೊಳೆಯಿತು: ಕದ್ದು ಮ್ಯಾಚ್ ನೋಡಲು ತಾವೇ ನಿನ್ನೆ ಗಿರಾಕಿಗಳಿಗೆಂದು ಇರುವ ಬೇರೆ ವೈಫೈಗೆ ಹಾರಿದ್ದರು! ಸದ್ದಿಲ್ಲದೆ ಆಫೀಸಿನ ವೈಫೈಗೆ ಮರಳಿದಾಗ ಹೆಂಡತಿಯ ಕಂಪ್ಯೂಟರ್ ಕಾಣಿಸಿತು. ಒತ್ತಿದರೆ, 'ಪಾಸ್‌ವರ್ಡ್?'

ಮಗಳ ಹುಟ್ಟಿದ ದಿನ ಹಾಕಿದರು, ತಪ್ಪು. ಮದುವೆಯ ದಿನ (ತಮಗೆ ನೆನಪಿದ್ದಂತೆ) ಹಾಕಿದರು, ಅದೂ ತಪ್ಪು. ಸುಸ್ತಾಗಿ ಎದ್ದು ಹಲಗೆಯಾಚೆ ಹೋಗಿ ನಿಂತರು.

"ಯಜಮಾನ್ರೇ, ಪಾಸ್‌ವರ್ಡ್ ಏನಂತೆ ಕೇಳಿ."

"ಯಾರಿಗೆ ಬೇಕಂತೆ ಕೇಳಿ ಯಜಮಾನ್ರೇ."

"ಅಯ್ಯೋ, ನಾನೇನು ನಿಮ್ಮಿಬ್ರ ಮಧ್ಯದ ವೈರಾ? ಮಾತಾಡ್ರಪ್ಪಾ!" ಎಂದು ಯಜಮಾನರು ತಲೆ ಚಚ್ಚಿಕೊಂಡರು.

ರಾಯರು ಹೆಂಡತಿಯತ್ತ ತಿರುಗಿದರು. "ಲೇ... ತಪ್ಪು ನಂದೇ ಕಣೇ. ನೋಡದೆ ಒತ್ತಿಬಿಟ್ಟೆ. ನೀನು ಅಷ್ಟು ಕಷ್ಟಪಟ್ಟು ಬರೆದಿದ್ದೆ. ಬೈದುಬಿಡು, ಹೀಗೆ ಸುಮ್ನಿರಬೇಡ."

ದುರದೃಷ್ಟಕ್ಕೆ, ಗಡಗಡ ಎನ್ನುತ್ತಿದ್ದ ಅಚ್ಚಿನ ಯಂತ್ರ ಸರಿಯಾಗಿ ಆಗಲೇ ನಿಂತಿತ್ತು. ಇಡೀ ಪ್ರೆಸ್ಸಿಗೆ ಕೇಳಿಸಿತು.

"ಒತ್ತೋ ಮುಂಚೆ ಓದಿ ಅಂತ ಎಷ್ಟು ಸಲ ಬಡ್ಕೊಂಡಿದೀನ್ರೀ! ಗ್ಯಾಸೂ ಹೀಗೇ, ವಾಷಿಂಗ್ ಮೆಷೀನೂ ಹೀಗೇ!" ಎಂದು ಚಿತ್ರದಮ್ಮ ಶುರು ಮಾಡಿದರು. ರಾಯರಿಗೆ ಹೋದ ಜೀವ ಬಂದಂತಾಯಿತು. ಚಿತ್ರದಮ್ಮ ಬೈಯುತ್ತಲೇ ರಾಯರ ಮೇಜಿಗೆ ಬಂದು, ಒಂದು ಕೈಯನ್ನು ಅಡ್ಡ ಹಿಡಿದು, ಪಾಸ್‌ವರ್ಡನ್ನು ತಾವೇ ಹೊಡೆದರು.

ಫೋಲ್ಡರ್ ತೆರೆಯಿತು. ಚಿತ್ರಗಳು ಈಚೆ ಬಂದವು, ಪುಟ ಜೋಡಣೆಯಾಗಿ ಅಚ್ಚಿಗೆ ಹೋದವು. ಹುರುಪಿನಲ್ಲಿದ್ದ ರಾಯರಿಗೆ ಫೋಲ್ಡರಿನ ಮೂಲೆಯಲ್ಲಿ ಯಾವುದೋ ಹಳೆಯ ಕರಡು ಕಾಣಿಸಿತು. ಚೊಕ್ಕಟ ಮಾಡಿಕೊಟ್ಟರೆ ಖುಷಿಪಡುತ್ತಾಳೆ ಎಂದುಕೊಂಡು 'ಡಿಲೀಟ್' ಒತ್ತಿದರು.

'ನಿಮಗೆ ಅನುಮತಿ ಇಲ್ಲ' ಎಂದಿತು ಪರದೆ.

"ಏನೇ ಇದು?"

"ನಿಮಗೆ ಓದೋಕೆ ಮಾತ್ರ ಬಿಟ್ಟಿದೀನಿ. ನೋಡಬಹುದು, ಪ್ರತಿ ತಗೋಬಹುದು. ಅಳಿಸೋ ಹಾಗಿಲ್ಲ, ತಿದ್ದೋ ಹಾಗಿಲ್ಲ."

"ಕಟ್ಟಿಕೊಂಡ ಗಂಡನ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

"ಈಗ ಏನು ಒತ್ತಿದ್ರಿ ಹೇಳಿ?"

ರಾಯರು ಮೌಸನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. "ಅಮ್ಮಾ, ಇದನ್ನ ನಮ್ಮ ಮನೆಯವಳಿಗೆ ಮಾತ್ರ ಹೇಳಿಕೊಡಬೇಡಿ" ಎಂದು ಯಜಮಾನರು ಕೈಮುಗಿದರು.

ಸಂಜೆ ಮನೆಗೆ ಬಂದ ರಾಯರು ಸೋಫಾದಲ್ಲಿ ಕುಸಿದು, ಟೀವಿಯ ರಿಮೋಟಿಗೆ ಕೈ ಚಾಚಿದರು. ಒಳಗಿನಿಂದ ದನಿ ಬಂತು. ಈ ಸಲ ಮಗಳ ಮೂಲಕವಲ್ಲ, ನೇರವಾಗಿ.

"ರೀ, ನೋಡೋದಿದ್ರೆ ನೋಡಿ. ಚಾನೆಲ್ ಮಾತ್ರ ಮುಟ್ಟಬೇಡಿ."

"ಹೂಂ ಕಣೇ" ಎಂದರು ರಾಯರು.